ಹೊಸ ಗೇಮಿಂಗ್ ಕಂಪ್ಯೂಟರ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್? ಬಳಸಿದವರು ಹೇಳಿ

ನಮಸ್ಕಾರ. ಹಳೆಯ ಕಂಪ್ಯೂಟರ್ ಬಿಟ್ಟು ಹೊಸ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳುತ್ತಿದ್ದೇನೆ. ಪ್ರೊಸೆಸರ್, ಮದರ್‌ಬೋರ್ಡ್ ತೀರ್ಮಾನವಾಗಿವೆ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಬಗೆಹರಿಯುತ್ತಿಲ್ಲ. ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಇಂಟೆಲ್‌ನ ಆರ್ಕ್ ಬಿ580 ಈ ಮೂರು ಕಣ್ಣಮುಂದಿವೆ. ಮೊದಲ ಎರಡರಲ್ಲಿ ಮತ್ತೆ ಮೆಮೊರಿ 8 ಜಿಬಿ, 16 ಜಿಬಿ ಎಂದು ಎರಡೆರಡು ಬಗೆ. ನಾನು ಹೆಚ್ಚಾಗಿ ಆಡುವುದು ಕಥೆಯಿರುವ ದೊಡ್ಡ ಆಟಗಳನ್ನು. ಇದೇ ಯಂತ್ರದಲ್ಲಿ ತಂಗಿ ಬ್ಲೆಂಡರ್ ಎಂಬ 3ಡಿ ಅನಿಮೇಷನ್ ತಂತ್ರಾಂಶ ಕಲಿಯಬೇಕೆಂದಿದ್ದಾಳೆ. ಹಳೆಯ ಪವರ್ ಸಪ್ಲೈಯನ್ನೇ ಮುಂದುವರಿಸಬಹುದೇ? ಮಾನಿಟರ್ ಆಮೇಲೆ ನೋಡೋಣ ಎಂದುಕೊಂಡಿದ್ದೇನೆ. ಐದಾರು ವರ್ಷ ಬಾಳಿಕೆ ಬರಬೇಕು. ಅನುಭವ ಇರುವವರು ದಯವಿಟ್ಟು ತಿಳಿಸಿ.

* * *

ಮಾನಿಟರ್ ಆಮೇಲೆ ಎಂಬ ಯೋಚನೆಯನ್ನು ಮೊದಲು ಬಿಡಿ. ಕಾರ್ಡ್ ದುಡಿಯುವುದೇ ಪರದೆಗಾಗಿ. ಪರದೆ ಯಾವುದೆಂದು ಗೊತ್ತಿಲ್ಲದೆ ಕಾರ್ಡ್ ಆರಿಸುವುದು ಕಾಲಿನ ಅಳತೆ ತಿಳಿಯದೆ ಚಪ್ಪಲಿ ಕೊಂಡಂತೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 83 ಲಕ್ಷ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದನ್ನೂ 16.7 ಮಿಲಿಸೆಕೆಂಡಿನೊಳಗೆ ಬಿಡಿಸಿ ಮುಗಿಸಬೇಕು. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಸ್ ಪರದೆಯನ್ನು ಪೂರ್ತಿ ಬಳಸಿಕೊಳ್ಳಬೇಕೆಂದರೆ 7 ಮಿಲಿಸೆಕೆಂಡೂ ಸಿಗುವುದಿಲ್ಲ. ಕಥೆಯಿರುವ ಆಟಗಳಿಗೆ, ನೀವು ಹೆಸರಿಸಿದ ದರ್ಜೆಯ ಕಾರ್ಡ್‌ಗೆ, 1440ಪಿ ಹದವಾಗಿ ಹೊಂದುತ್ತದೆ. 4ಕೆ ಪರದೆ ತಂದರೆ ಇವುಗಳಿಗೆ ಹೊರಲಾರದ ಹೊರೆ.

ಇನ್ನು ಮೆಮೊರಿಯ ಮಾತು. ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಕೊಂಡಾಗ ನನ್ನ 8 ಜಿಬಿ ಕಾರ್ಡ್ ವೇಗದಲ್ಲಿ ಯಾವುದಕ್ಕೂ ಕಡಿಮೆಯಿರಲಿಲ್ಲ. ಎರಡು ವರ್ಷದ ನಂತರ ಒಂದು ದೊಡ್ಡ ನಗರವಿರುವ ಆಟ ಹಾಕಿದೆ. ಮೂಲೆಯಲ್ಲಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ, ಎಪ್ಪತ್ತರ ಮೇಲೆ ತೋರಿಸುತ್ತಿತ್ತು. ಆದರೂ ವಾಹನ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ತಿರುಗಿದ ಪ್ರತಿ ಸಲವೂ ಚಿತ್ರ ಗಕ್ಕನೆ ನಿಂತು ಮುಂದೆ ಹೋಗುತ್ತಿತ್ತು. ಹತ್ತಿರ ಹೋಗಿ ನಿಂತರೂ ಇಟ್ಟಿಗೆಯ ಗೋಡೆ ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ ಮಸುಕು. ಮೂರು ನಾಲ್ಕು ಸೆಕೆಂಡ್ ಕಾದ ಮೇಲೆ ಇಟ್ಟಿಗೆಯ ಗೆರೆಗಳು ಮೂಡುತ್ತಿದ್ದವು. ಪ್ರೊಸೆಸರ್ ಮೇಲೆ, ಹಾರ್ಡ್ ಡಿಸ್ಕ್ ಮೇಲೆ ಅನುಮಾನಪಟ್ಟು ಒಂದು ವಾರ ಕಳೆದೆ. ಕೊನೆಗೆ ಟೆಕ್ಸ್‌ಚರ್ (ಗೋಡೆ, ನೆಲಗಳ ಮೇಲ್ಮೈಗೆ ಹೊದಿಸುವ ಚಿತ್ರ) ಗುಣಮಟ್ಟವನ್ನು ಅಲ್ಟ್ರಾದಿಂದ ಮೀಡಿಯಂಗೆ ಇಳಿಸಿದ ಕೂಡಲೇ ಆಟ ನೀರಿನಂತೆ ಹರಿಯಿತು. ಕಾರ್ಡ್‌ನ ಮೆಮೊರಿ ತುಂಬಿ, ಉಳಿದದ್ದನ್ನು ಕಂಪ್ಯೂಟರ್‌ನ ರ‍್ಯಾಮ್‌ನಿಂದ ಮತ್ತೆ ಮತ್ತೆ ಎಳೆದು ತರುತ್ತಿತ್ತು. ಕಾರ್ಡ್‌ನ ಸ್ವಂತ ಮೆಮೊರಿಗೆ ಹೋಲಿಸಿದರೆ ಆ ದಾರಿ ಬಹಳ ನಿಧಾನ.

ಮೆಮೊರಿ ಸಾಕಷ್ಟಿದ್ದರೆ ಟೆಕ್ಸ್‌ಚರ್ ಹೆಚ್ಚಿಸಿದ್ದಕ್ಕೆ ವೇಗ ಹೆಚ್ಚೇನೂ ಕುಗ್ಗುವುದಿಲ್ಲ, ಚಿತ್ರ ಮಾತ್ರ ಎದ್ದು ಕಾಣುತ್ತದೆ. ಚಿಪ್ ನಿಧಾನವಾದರೆ ಒಂದೆರಡು ಸೆಟ್ಟಿಂಗ್ ಇಳಿಸಿ ಸಂಭಾಳಿಸಬಹುದು, ಮೆಮೊರಿಯನ್ನು ಮಾತ್ರ ಆಮೇಲೆ ಸೇರಿಸಲು ಬರುವುದಿಲ್ಲ. ಐದಾರು ವರ್ಷ ಎಂದು ನೀವೇ ಹೇಳಿದ್ದೀರಿ. ಹಾಗಾಗಿ 5060 ಟಿಐ ಆಗಲಿ, 9060 ಎಕ್ಸ್‌ಟಿ ಆಗಲಿ, 16 ಜಿಬಿಯದನ್ನೇ ಕೊಳ್ಳಿ. ಹೆಸರು ಎರಡಕ್ಕೂ ಒಂದೇ ಆಗಿರುವುದರಿಂದ ಪೆಟ್ಟಿಗೆಯ ಮೇಲಿನ ಜಿಬಿ ಸಂಖ್ಯೆಯನ್ನು ಕಣ್ಣಾರೆ ನೋಡಿಯೇ ತೆಗೆದುಕೊಳ್ಳಿ. ಬಿ580ಯಲ್ಲಿ 12 ಜಿಬಿ ಇದೆ. ಹಣ ಅಷ್ಟಕ್ಕೇ ಒದಗಿದರೆ ಅದು ಒಳ್ಳೆಯ ಆಯ್ಕೆ. ಆದರೆ ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್) ರೀಸೈಜಬಲ್ ಬಾರ್, ಅಂದರೆ ಪ್ರೊಸೆಸರ್ ಕಾರ್ಡ್‌ನ ಇಡೀ ಮೆಮೊರಿಯನ್ನು ಒಟ್ಟಿಗೆ ತಲುಪಲು ಬಿಡುವ ವ್ಯವಸ್ಥೆ, ಚಾಲೂ ಇರಲೇಬೇಕು. ಹಳೆಯ ಪ್ರೊಸೆಸರ್ ಜೊತೆಗೆ ಈ ಕಾರ್ಡ್ ಸೊರಗುತ್ತದೆ. ನಿಮ್ಮದು ಹೊಸದಾದ್ದರಿಂದ ಆ ಚಿಂತೆ ಕಡಿಮೆ.

ಎನ್‌ವಿಡಿಯಾವೋ ಎಎಂಡಿಯೋ ಎಂಬುದನ್ನು ನಿಮ್ಮ ವಿಷಯದಲ್ಲಿ ತಂಗಿಯೇ ತೀರ್ಮಾನಿಸಬೇಕು. ಬ್ಲೆಂಡರ್‌ನ ಸೈಕಲ್ಸ್ ರೆಂಡರಿಂಗ್ (ಕೊನೆಯ ಚಿತ್ರವನ್ನು ಬಿಡಿಸುವ ಕೆಲಸ) ಮೂರೂ ಕಂಪನಿಗಳ ಕಾರ್ಡ್‌ನಲ್ಲಿ ನಡೆಯುತ್ತದೆ, ಆದರೆ ಎನ್‌ವಿಡಿಯಾದ ಆಪ್ಟಿಕ್ಸ್ ಹಾದಿ ಸಾಮಾನ್ಯವಾಗಿ ಮುಂದಿರುತ್ತದೆ. ಅವಳು ಅದನ್ನೇ ವೃತ್ತಿಯಾಗಿ ಹಿಡಿಯುವ ಹಾಗಿದ್ದರೆ 5060 ಟಿಐ. ಬರೀ ಆಟಕ್ಕಾದರೆ 9060 ಎಕ್ಸ್‌ಟಿ ಕೊಂಡು ಉಳಿದದ್ದನ್ನು ಮಾನಿಟರ್‌ಗೆ ಹಾಕುವುದೇ ಜಾಣತನ ಎಂದು ನನಗನ್ನಿಸುತ್ತದೆ.

ಜಾಹೀರಾತಿನ ಎಫ್‌ಪಿಎಸ್ ಸಂಖ್ಯೆ ನೋಡುವಾಗ ಫ್ರೇಮ್ ಜನರೇಷನ್ ಸೇರಿಸಿದ್ದಾರೆಯೇ ಎಂದು ಗಮನಿಸಿ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್‌ಗಳ ಅಪ್‌ಸ್ಕೇಲಿಂಗ್ ನಿಜಕ್ಕೂ ಉಪಕಾರಿ. ಕ್ವಾಲಿಟಿ ಮಟ್ಟದಲ್ಲಿ 1440ಪಿ ಪರದೆಗೆ ಒಳಗೊಳಗೇ 960 ಸಾಲುಗಳ ಚಿತ್ರ ಬಿಡಿಸಿ ಹಿಗ್ಗಿಸುತ್ತದೆ, ನನ್ನ ಕಣ್ಣಿಗೆ ವ್ಯತ್ಯಾಸ ಅಪರೂಪಕ್ಕೆ ಕಾಣುತ್ತದೆ. ಫ್ರೇಮ್ ಜನರೇಷನ್ ಬೇರೆಯೇ ಸಂಗತಿ: ಎರಡು ನಿಜವಾದ ಚಿತ್ರಗಳ ನಡುವೆ ತಾನೇ ಹೊಸ ಚಿತ್ರ ಹುಟ್ಟಿಸಿ ಸೇರಿಸುತ್ತದೆ. ಮೂವತ್ತನ್ನು ಅರವತ್ತು ಮಾಡಿ ತೋರಿಸಿದರೂ ಮೌಸ್ ಅಲುಗಾಡಿಸಿದ ಕೈಗೆ ಮೂವತ್ತರ ಭಾರವೇ ತಿಳಿಯುತ್ತದೆ. ಮೊದಲೇ ಅರವತ್ತರ ಆಸುಪಾಸು ಓಡುತ್ತಿದ್ದರೆ ಮಾತ್ರ ಅದನ್ನು ಹಾಕಿಕೊಳ್ಳಿ.

* * *

ಮೇಲಿನವರು ಪವರ್ ಸಪ್ಲೈ ಪ್ರಶ್ನೆ ಮುಟ್ಟಿಲ್ಲ, ಅದನ್ನು ನಾನು ಹೇಳುತ್ತೇನೆ. ದಯವಿಟ್ಟು ಹಳೆಯದನ್ನು ಹೊಸ ಯಂತ್ರಕ್ಕೆ ತರಬೇಡಿ. ಆಟದ ಮಧ್ಯೆ ನನ್ನ ಕಂಪ್ಯೂಟರ್ ಫಕ್ಕನೆ ಆರಿ ತಾನಾಗಿಯೇ ಮತ್ತೆ ಹತ್ತುತ್ತಿತ್ತು. ಕಾರ್ಡ್ ಕೆಟ್ಟಿದೆಯೆಂದು ಬದಲಿಸಿಕೊಂಡೆ, ಎರಡನೆಯದರಲ್ಲೂ ಅದೇ ಪಾಡು. ಕಾರ್ಡ್ ಕ್ಷಣಮಾತ್ರ ತನ್ನ ಅಂಕಿಗಿಂತ ಬಹಳ ಹೆಚ್ಚು ವಿದ್ಯುತ್ ಎಳೆಯುತ್ತದೆ. ಏಳು ವರ್ಷ ದುಡಿದ ಪವರ್ ಸಪ್ಲೈ ಆ ಏಟು ತಡೆಯಲಾರದೆ ಕೈಬಿಡುತ್ತಿತ್ತು.

5060 ಟಿಐಗೆ 180 ವ್ಯಾಟ್, 16 ಜಿಬಿಯ 9060 ಎಕ್ಸ್‌ಟಿಗೆ 160, ಬಿ580ಗೆ 190. ಮದರ್‌ಬೋರ್ಡ್‌ನ ಸ್ಲಾಟ್ 75 ವ್ಯಾಟ್ ಕೊಡುತ್ತದೆ, ಒಂದು 8 ಪಿನ್ ಕೇಬಲ್ 150. ಒಳ್ಳೆಯ ಗುಣಮಟ್ಟದ 650 ವ್ಯಾಟ್‌ನದು ತಂದರೆ ನಿಶ್ಚಿಂತೆ. ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ: ಮಾಡ್ಯುಲರ್, ಅಂದರೆ ಕೇಬಲ್ ಬಿಚ್ಚಿ ತೆಗೆಯಬಹುದಾದ, ಪವರ್ ಸಪ್ಲೈ ಆದರೆ ಹಳೆಯದರ ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸಬೇಡಿ. ತೂತು ಸರಿಹೊಂದುತ್ತದೆ, ಒಳಗಿನ ತಂತಿಗಳ ಕ್ರಮ ಬೇರೆಯಿರಬಹುದು. ಹಾಗೆ ಮಾಡಿ ನನ್ನ ಗೆಳೆಯನೊಬ್ಬ ಎರಡು ಎಸ್‌ಎಸ್‌ಡಿ ಸುಟ್ಟುಕೊಂಡ.

ಕ್ಯಾಬಿನೆಟ್ ಅಳತೆಯೂ ಅಷ್ಟೇ ಮುಖ್ಯ. ನನ್ನದರ ವಿವರದಲ್ಲಿ ಕಾರ್ಡ್‌ಗೆ 330 ಮಿ.ಮೀ. ಜಾಗ ಎಂದಿತ್ತು. ಮುಂಭಾಗದಲ್ಲಿ ಪ್ರೊಸೆಸರ್ ತಣಿಸುವ ರೇಡಿಯೇಟರ್ ಹಾಕಿದ್ದೆ: ಅದರ ದಪ್ಪ 27, ಅದರ ಫ್ಯಾನ್ 25. ಉಳಿದದ್ದು 278. ಕಾರ್ಡ್ ಉದ್ದ 304. ಇಡೀ ಭಾನುವಾರ ರೇಡಿಯೇಟರ್ ಬಿಚ್ಚಿ ಮೇಲ್ಭಾಗಕ್ಕೆ ಸಾಗಿಸುವುದರಲ್ಲೇ ಹೋಯಿತು.

* * *

ಯಾರಾದರೂ ಬಳಸಿದ ಕಾರ್ಡ್ ತೆಗೆದುಕೊಳ್ಳಿ ಎನ್ನುವ ಮೊದಲು ಒಂದು ಎಚ್ಚರಿಕೆ. 2017ರ ಜಿಟಿಎಕ್ಸ್ 1080 ಟಿಐಯಲ್ಲಿ 11 ಜಿಬಿ ಇದೆ, ಇವತ್ತಿಗೂ ಗಟ್ಟಿ ಕಾರ್ಡ್, ನಾನು ಪ್ರೀತಿಯಿಂದ ಬಳಸಿದ್ದೇನೆ. ಆದರೆ ಅದರಲ್ಲಿ ರೇ ಟ್ರೇಸಿಂಗ್‌ಗೆ (ಬೆಳಕಿನ ಹಾದಿಯನ್ನು ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಬೇಕಾದ ಯಂತ್ರಾಂಶವಿಲ್ಲ, ಈಚಿನ ಕೆಲವು ದೊಡ್ಡ ಆಟಗಳು ಅದಿಲ್ಲದೆ ತೆರೆದುಕೊಳ್ಳುವುದೇ ಇಲ್ಲ. ಕಥೆಯ ಆಟಗಳನ್ನೇ ಆಡುವ ನಿಮಗೆ ಇದು ನೇರವಾಗಿ ತಟ್ಟುತ್ತದೆ. ಬಳಸಿದ್ದೇ ಬೇಕೆಂದರೆ ಕೊಳ್ಳುವ ಮೊದಲು ಅರ್ಧ ಗಂಟೆ ಭಾರವಾದ ಆಟ ಓಡಿಸಿ, ಫ್ಯಾನ್ ಸದ್ದಿಗೆ ಕಿವಿಗೊಡಿ, ಉಷ್ಣತೆ ನೋಡಿ, ವಾರಂಟಿ ನಿಮ್ಮ ಹೆಸರಿಗೆ ಬರುತ್ತದೆಯೇ ಕೇಳಿ.

* * *

ಜೋಡಿಸಿದ ದಿನಕ್ಕೆ ನನ್ನದೊಂದು ಮಾತು: ಮಾನಿಟರ್ ಕೇಬಲ್ ಸಿಕ್ಕಿಸಬೇಕಾದದ್ದು ಕಾರ್ಡ್‌ಗೆ. ಅಭ್ಯಾಸಬಲದಿಂದ ನಾನು ಮೇಲಿನ ಮದರ್‌ಬೋರ್ಡ್ ಕಿಂಡಿಗೆ ಸಿಕ್ಕಿಸಿ, ಹೊಸ ಕಾರ್ಡ್ ಹೀಗೇಕೆ ತೆವಳುತ್ತಿದೆ ಎಂದು ಎರಡು ದಿನ ಕೊರಗಿದ್ದೆ. ಆಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಹರ್ಟ್ಸ್ ಎಷ್ಟಿದೆ ನೋಡಿ. 144ರ ಪರದೆ 60ರಲ್ಲೇ ಉಳಿದಿರುವುದುಂಟು.

* * *

ಎಲ್ಲರಿಗೂ ಮನಸಾರೆ ಧನ್ಯವಾದ. 1440ಪಿ ಮಾನಿಟರ್ ಮೊದಲು ಎಂದು ಒಪ್ಪಿಕೊಂಡೆ. ಪವರ್ ಸಪ್ಲೈ ಹೊಸದನ್ನೇ ತರುತ್ತೇನೆ. ತಂಗಿಯನ್ನು ಕೇಳಿದೆ, ಬ್ಲೆಂಡರ್ ಬರೀ ಹವ್ಯಾಸಕ್ಕಲ್ಲ, ಅನಿಮೇಷನ್ ಓದುವ ಆಸೆಯಿದೆ ಎಂದಳು. ಇದನ್ನು ಅವಳು ಈವರೆಗೆ ನನಗೆ ಹೇಳಿರಲೇ ಇಲ್ಲ. ಹಾಗಾಗಿ 16 ಜಿಬಿಯ 5060 ಟಿಐ. ಕ್ಯಾಬಿನೆಟ್ ಒಳಗೆ ಈಗಷ್ಟೇ ಟೇಪು ಹಿಡಿದು ನೋಡಿದೆವು: ಫ್ಯಾನ್ ಕಳೆದು 290 ಮಿ.ಮೀ. ಉಳಿಯುತ್ತದೆ. ಮೂರು ಫ್ಯಾನ್‌ನ ಉದ್ದನೆಯ ಕಾರ್ಡ್ ಬಿಟ್ಟು, ಎರಡು ಫ್ಯಾನ್‌ನದು ಹುಡುಕುತ್ತಿದ್ದೇವೆ.