ಸೀರಂ ತಿಳಿಯಾಗಿದೆ, ಪೊಟ್ಯಾಸಿಯಂ ಮಾತ್ರ 6 ದಾಟುತ್ತಿದೆ, ಯಾಕೆ?

ಮಲೆನಾಡು_ಲ್ಯಾಬ್:
ಕಲೆಕ್ಷನ್ ಸೆಂಟರ್‌ನಿಂದ ಬರುವ ಸ್ಯಾಂಪಲ್‌ಗಳಲ್ಲಿ ಪೊಟ್ಯಾಸಿಯಂ 5.8ರಿಂದ 6.5 mmol/L ಬರುತ್ತಿದೆ. ಅದೇ ರೋಗಿಯನ್ನು ಲ್ಯಾಬ್‌ಗೇ ಕರೆಸಿ ರಕ್ತ ತೆಗೆದರೆ 4.2, 4.4. ಕಂಟ್ರೋಲ್ (ಯಂತ್ರ ಸರಿಯಿದೆಯೇ ಎಂದು ನೋಡುವ ಮಾದರಿ) ಸರಿಯಿದೆ. ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ದ್ರವ) ಕೆಂಪಾಗಿಲ್ಲ, ಹಾಗಾಗಿ ಹಿಮೋಲಿಸಿಸ್, ಅಂದರೆ ರಕ್ತಕಣ ಒಡೆದಿದೆ, ಅನ್ನಲೂ ಆಗುತ್ತಿಲ್ಲ. ಬೆಳಿಗ್ಗೆ 7ಕ್ಕೆ ಹಳದಿ ಮುಚ್ಚಳದ ಜೆಲ್ ಟ್ಯೂಬ್‌ಗೆ ತೆಗೆದ ರಕ್ತ, ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ 12ರ ಹೊತ್ತಿಗೆ ತಲುಪುತ್ತದೆ. ಸೆಂಟ್ರಿಫ್ಯೂಜ್ ಮಾಡುವುದು ಇಲ್ಲಿಗೆ ಬಂದ ಮೇಲೆ. ಎಲ್ಲಿ ಹುಡುಕಬೇಕು?

ಬಯೋಕೆಮಿಸ್ಟ್ರಿ_ಬೆಂಚ್:
ಆ ಐಸ್ ಪ್ಯಾಕ್‌ನಲ್ಲೇ ಹುಡುಕಿ ಸರ್. ಕೆಂಪು ರಕ್ತಕಣದೊಳಗೆ ಪೊಟ್ಯಾಸಿಯಂ ಹೊರಗಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಅದನ್ನು ಒಳಗೇ ಹಿಡಿದಿಡುವುದು ಸೋಡಿಯಂ-ಪೊಟ್ಯಾಸಿಯಂ ಪಂಪ್. ತಣ್ಣಗಾದರೆ ಪಂಪ್ ಕೆಲಸ ನಿಲ್ಲಿಸುತ್ತದೆ, ಪೊಟ್ಯಾಸಿಯಂ ಮೆಲ್ಲಗೆ ಹೊರಗೆ ಸೋರುತ್ತದೆ. ಕಣ ಒಡೆಯುವುದಿಲ್ಲ, ಹಿಮೋಗ್ಲೋಬಿನ್ ಹೊರಬರುವುದಿಲ್ಲ, ಅದಕ್ಕೇ ಸೀರಂ ತಿಳಿ. ಬಣ್ಣ ನೋಡಿ ಸ್ಯಾಂಪಲ್ ಒಪ್ಪುವ ಲ್ಯಾಬ್‌ಗೆ ಇದು ಸಿಕ್ಕಿಬೀಳುವುದೇ ಇಲ್ಲ.

ರಕ್ತ ತೆಗೆದ ಕೂಡಲೇ ಟ್ಯೂಬನ್ನು 5-6 ಸಲ ಮೆಲ್ಲಗೆ ತಲೆಕೆಳಗೆ ಮಾಡಿ, ನೆಟ್ಟಗೆ ನಿಲ್ಲಿಸಿ 30 ನಿಮಿಷ ಹೆಪ್ಪುಗಟ್ಟಲು ಬಿಡಲಿ. ಆಮೇಲೆ ಕಲೆಕ್ಷನ್ ಸೆಂಟರ್‌ನಲ್ಲೇ ಸೆಂಟ್ರಿಫ್ಯೂಜ್‌ಗೆ ಹಾಕಿ 1300 ಜಿ (ಗುರುತ್ವದ 1300 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಲಿ. ರೋಟರ್ ತ್ರಿಜ್ಯ 15 ಸೆಂ.ಮೀ. ಇದ್ದರೆ ಅದು ಸುಮಾರು 2800 ಆರ್‌ಪಿಎಂ. ಇದೆಲ್ಲ 2 ಗಂಟೆಯೊಳಗೆ ಮುಗಿಯಬೇಕು. ಕಣ ಮತ್ತು ಸೀರಂ ನಡುವೆ ಜೆಲ್ ಪದರ ಪೂರ್ತಿ ಕೂತ ಮೇಲೆ ಐಸ್ ಪ್ಯಾಕ್ ಇಟ್ಟರೆ ತೊಂದರೆಯಿಲ್ಲ. ಒಂದು ಎಚ್ಚರ: ಒಮ್ಮೆ ತಿರುಗಿಸಿದ ಜೆಲ್ ಟ್ಯೂಬನ್ನು ಇಲ್ಲಿ ಮತ್ತೆ ತಿರುಗಿಸಬೇಡಿ. ಜೆಲ್ ಕೆಳಗೆ ಕಣಗಳ ಜೊತೆ ಉಳಿದ ದ್ರವ ಮೇಲೆ ಬಂದು ಪೊಟ್ಯಾಸಿಯಂ ಮತ್ತೆ ಏರುತ್ತದೆ.

ಸೂಜಿ_ಸಿರಿಂಜ್:
ಮೇಲಿನದನ್ನು ಒಪ್ಪುತ್ತೇನೆ. ಆದರೆ ಅದೇ ಸ್ಯಾಂಪಲ್‌ನ ಕ್ಯಾಲ್ಸಿಯಂ, ಎಎಲ್‌ಪಿ (ಆಲ್ಕಲೈನ್ ಫಾಸ್ಫಟೇಸ್ ಕಿಣ್ವ) ಕೂಡ ನೋಡಿ. ಅವೆರಡೂ ಇಳಿದು ಪೊಟ್ಯಾಸಿಯಂ ಏರಿದ್ದರೆ ನೇರಳೆ ಮುಚ್ಚಳದ ಟ್ಯೂಬ್‌ನ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ ರಾಸಾಯನಿಕ) ಇದರೊಳಗೆ ಸೇರಿದೆ ಎಂದೇ ಲೆಕ್ಕ. ಅದು ಪೊಟ್ಯಾಸಿಯಂ ಲವಣ, ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡುವ ಆ ನೇರಳೆ ಟ್ಯೂಬ್‌ನಲ್ಲಿ ಹೆಚ್ಚಾದ ರಕ್ತವನ್ನು ಹಳದಿಗೆ ಸುರಿಯುವವರಿದ್ದಾರೆ, ಅದನ್ನು ಖಡಾಖಂಡಿತ ನಿಲ್ಲಿಸಬೇಕು. ಟ್ಯೂಬ್‌ಗಳಿಗೆ ರಕ್ತ ತುಂಬುವ ಕ್ರಮ: ಮೊದಲು ನೀಲಿ, ಆಮೇಲೆ ಹಳದಿ, ನಂತರ ನೇರಳೆ, ಕೊನೆಗೆ ಬೂದು.

ಕೈ ಮುಷ್ಟಿ ಬಿಗಿಹಿಡಿದು ಬಿಡಿಸುವುದೂ ಬೇಡ. ಟೂರ್ನಿಕೆಟ್ (ತೋಳಿಗೆ ಬಿಗಿಯುವ ಪಟ್ಟಿ) ಕಟ್ಟಿ ಹಾಗೆ ಮಾಡಿಸಿದರೆ ಸ್ನಾಯುವಿನಿಂದಲೇ ಪೊಟ್ಯಾಸಿಯಂ ಬಂದು 1ರಷ್ಟು ಏರಬಹುದು. ಪಟ್ಟಿ ಒಂದು ನಿಮಿಷ ದಾಟಬಾರದು.

ಮಲೆನಾಡು_ಲ್ಯಾಬ್:
ಕ್ಯಾಲ್ಸಿಯಂ 9.3, ಎಎಲ್‌ಪಿ ಕೂಡ ಸರಿಯಿದೆ. ಹಾಗಾದರೆ ಐಸೇ. ಆದರೆ ಅಲ್ಲಿ ಸೆಂಟ್ರಿಫ್ಯೂಜ್ ಇಲ್ಲವಲ್ಲ? ಐಸ್ ತೆಗೆದುಬಿಟ್ಟರೆ ಸಾಕೇ?

ಬಯೋಕೆಮಿಸ್ಟ್ರಿ_ಬೆಂಚ್:
ಸಾಲದು. 20-25 ಡಿಗ್ರಿಯಲ್ಲಿ ಸೋರಿಕೆ ಕಡಿಮೆ, ನಿಜ. ಆದರೆ 5 ಗಂಟೆ ಕಣಗಳ ಜೊತೆಗಿದ್ದರೆ ಗ್ಲೂಕೋಸ್ ಇಳಿಯುತ್ತದೆ, ಅದಕ್ಕೆ ಬೂದು ಟ್ಯೂಬ್ ಬೇರೆ ಬೇಕು. ಬಿಸಿಲಲ್ಲಿ ಬಸ್ ಮೇಲೆ ಬಂದರಂತೂ ಇನ್ನೂ ಕೆಟ್ಟದು. ಚಿಕ್ಕ 8 ಟ್ಯೂಬ್‌ಗಳ ಸೆಂಟ್ರಿಫ್ಯೂಜ್ ಅಲ್ಲಿಡಿ. ಅದು ಬರುವವರೆಗೆ ಪೊಟ್ಯಾಸಿಯಂಗೆ ರೋಗಿಯನ್ನು ಲ್ಯಾಬ್‌ಗೇ ಕರೆಸಿ. ಕಿಡ್ನಿ ತೊಂದರೆಯವರ 6.5 ಬಂದರೆ ಮಾತ್ರ ಸುಳ್ಳೆಂದು ಬದಿಗಿಡಬೇಡಿ: ಕೂಡಲೇ ಡಾಕ್ಟರಿಗೆ ಫೋನ್ ಮಾಡಿ, ಇಸಿಜಿ ಮತ್ತು ಹೊಸ ಸ್ಯಾಂಪಲ್ ಎರಡೂ ಕೇಳಿ.