ಅಪ್‌ಡೇಟ್: ಹಳೇ ಮೋಸಿನ್‌ಗೆ ಡ್ರಿಲ್ ಹಾಕಲಿಲ್ಲ

ಟೆಕ್ಸಾಸ್‌ನಿಂದ ನಾನೇ. ನನ್ನ 1942ರ ಮೋಸಿನ್ ನಾಗಾಂತ್ 91/30 (ಸೋವಿಯತ್ ಸೇನೆಯ ಹಳೇ ರೈಫಲ್) ಗುರಿ ಸರಿಯಾಗಲು ಡ್ರಿಲ್ ಹಾಕಿ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಲಾ ಅಂತ ಕೇಳಿದ್ದೆ ಅಲ್ವಾ? ಕೂರಿಸಲಿಲ್ಲ. ತೂತು ಕೊರೆದರೆ ಸಂಗ್ರಹ ಮಾಡುವವರು ಮೂಸಿಯೂ ನೋಡಲ್ಲ ಅಂದವರಿಗೆ ಥ್ಯಾಂಕ್ಸ್.

ಗುರಿ ಸುಧಾರಿಸುತ್ತಾ ಅಂತ ಬ್ಯಾರೆಲ್ (ನಳಿಗೆ) ಕೆಳಗೆ ಕಾರ್ಕ್ ತುಂಡು ಇಟ್ಟು ನೋಡಿದೆ, ನನಗೇನೂ ಉಪಯೋಗವಾಗಲಿಲ್ಲ. ಕೆಲಸ ಮಾಡಿದ್ದು ಬರೀ ಕ್ಲೀನಿಂಗ್! ಬ್ಯಾರೆಲ್ ಒಳಗೆ ಮೂರು ಸಂಜೆ ಉಜ್ಜಿದೆ. ಗುಂಡುಗಳಿಂದ ಅಂಟಿದ್ದ ತಾಮ್ರದ ಕಿಟ್ಟಕ್ಕೆ ಬಟ್ಟೆ ತುಂಡುಗಳು ಇಂಕಿನಲ್ಲಿ ಅದ್ದಿದ ಹಾಗೆ ನೀಲಿಯಾಗಿ ಬಂದವು. ಸಡಿಲವಾಗಿದ್ದ ಸ್ಕ್ರೂಗಳನ್ನೂ ಬಿಗಿ ಮಾಡಿದೆ. 100 ಗಜಕ್ಕೆ 6 ಇಂಚು ಚದುರುತ್ತಿದ್ದ ಗುಂಡುಗಳು ಈಗ 3 ಇಂಚಿನೊಳಗೆ ಬೀಳುತ್ತಿವೆ.

ಆದರೂ ಎಲ್ಲ ಪಕ್ಕಕ್ಕೇ ಹೋಗುತ್ತಿದ್ದವು. ಸೋವಿಯತ್ ಸೇನೆಯಲ್ಲಿ ಬಯೊನೆಟ್ (ಬ್ಯಾರೆಲ್ ತುದಿಗೆ ಸಿಕ್ಕಿಸುವ ಈಟಿಯಂಥ ಅಲಗು) ಸಿಕ್ಕಿಸಿಕೊಂಡೇ ಗುರಿ ಹೊಂದಿಸುತ್ತಿದ್ದರಂತೆ, ನನ್ನದರಲ್ಲಿ ಅದೇ ಇಲ್ಲ, ಅದಕ್ಕೇ ಗುಂಡು ಪಕ್ಕಕ್ಕೆ! ಬ್ಯಾರೆಲ್ ತುದಿಯಲ್ಲಿರುವ ಸೈಟನ್ನು (ಗುರಿ ನೋಡುವ ಕಡ್ಡಿ) ಕೂದಲೆಳೆಯಷ್ಟು ಸರಿಸಿದೆ, ಸರಿಹೋಯ್ತು.