‘ನಿಜವಾಗಿ ಬೆಂಕಿ ಬಿದ್ದಾಗ ನೋಡಿಕೊಳ್ಳೋಣ’: ವಿಪತ್ತು ಸಿದ್ಧತೆಯಲ್ಲಿ ಅಂಗವಿಕಲರು, ಒಂದು ಪ್ರಶ್ನೋತ್ತರ

ಈ ವಾರ ನಮ್ಮ ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಹದಿನೆಂಟು ವರ್ಷಗಳಿಂದ ಪರಿಹಾರ ಕೇಂದ್ರಗಳ ನಿರ್ವಹಣೆ ಮತ್ತು ಸ್ವಯಂಸೇವಕರ ತರಬೇತಿಯಲ್ಲಿ ತೊಡಗಿರುವ ಸದಸ್ಯೆ.

ಪ್ರಶ್ನೆ: ಮೇಡಂ, ನಾನು ವೀಲ್‌ಚೇರ್ ಬಳಸುತ್ತೇನೆ. ಕಚೇರಿ ಐದನೇ ಮಹಡಿಯಲ್ಲಿದೆ. ವರ್ಷಕ್ಕೆ ಎರಡು ಬಾರಿ ಅಗ್ನಿ ಅನಾಹುತದ ಅಣಕು ಕಾರ್ಯಾಚರಣೆ ನಡೆಯುತ್ತದೆ. ಗಂಟೆ ಹೊಡೆಯುತ್ತಿದ್ದಂತೆ ಎಲ್ಲರೂ ಇಳಿದು ಹೋಗುತ್ತಾರೆ. ನನಗೆ ಮಾತ್ರ “ನೀವು ಇಲ್ಲೇ ಇರಿ, ನಿಜವಾಗಿ ಬೆಂಕಿ ಬಿದ್ದಾಗ ನೋಡಿಕೊಳ್ಳೋಣ” ಎನ್ನುತ್ತಾರೆ. ಕೆಳಗೆ ತಲೆ ಎಣಿಸುವಾಗ ನನ್ನ ಹೆಸರಿನ ಮುಂದೆಯೂ ಟಿಕ್ ಹಾಕಿರುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಆ ಟಿಕ್ ಗುರುತು. ನಿಜವಾದ ಬೆಂಕಿಯ ದಿನವೂ ಕೈ ಅಭ್ಯಾಸಬಲದಿಂದ ಅದನ್ನೇ ಹಾಕುತ್ತದೆ. ಅಗ್ನಿಶಾಮಕ ದಳದವರು ಬಂದು “ಒಳಗೆ ಯಾರಾದರೂ ಉಳಿದಿದ್ದಾರೆಯೇ?” ಎಂದು ಕೇಳಿದರೆ ಪಟ್ಟಿ ನೋಡಿ “ಇಲ್ಲ” ಎನ್ನುತ್ತಾರೆ.

ಅಭ್ಯಾಸವಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಾನು ತರಬೇತಿಯಲ್ಲಿ ಯಾವಾಗಲೂ ಹೇಳುವ ಸಂಗತಿ ಇದು. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ವೀಲ್‌ಚೇರ್ ಬಳಸುವ ನೌಕರರೊಬ್ಬರಿದ್ದರು. 1993ರ ಬಾಂಬ್ ಸ್ಫೋಟದ ದಿನ ಅವರು ಹೊರಗೆ ಬರಲು ಸುಮಾರು ಆರು ಗಂಟೆ ಹಿಡಿಯಿತು. ಆ ಬಳಿಕ ಕಟ್ಟಡಕ್ಕೆ ಮೆಟ್ಟಿಲಿನ ಮೇಲೆ ಜಾರಿಸಿಕೊಂಡು ಇಳಿಸುವ ಕುರ್ಚಿಗಳನ್ನು ತರಿಸಿದರು. 2001ರ ಸೆಪ್ಟೆಂಬರ್ 11ರಂದು ಅದೇ ಮನುಷ್ಯನನ್ನು ಸಹೋದ್ಯೋಗಿಗಳು ಸರದಿಯ ಮೇಲೆ ಹಿಡಿದು, 69ನೇ ಮಹಡಿಯಿಂದ ಸುಮಾರು ಒಂದೂವರೆ ಗಂಟೆಯಲ್ಲಿ ಇಳಿಸಿದರು. ಅವರು ಹೊರಬಿದ್ದ ಮೇಲೆ ಗೋಪುರ ಕುಸಿಯಿತು. ದೇಹಸ್ಥಿತಿ ಅದೇ, ಮೆಟ್ಟಿಲೂ ಅದೇ. ಬದಲಾಗಿದ್ದದ್ದು ಒಂದು ಕುರ್ಚಿ ಮತ್ತು ಅದನ್ನು ಹಿಡಿಯಲು ಮುಂದೆ ಬಂದ ಕೈಗಳು.

ನೀವು ಕಚೇರಿಗೆ ಲಿಖಿತವಾಗಿ ಕೇಳಬೇಕಾದದ್ದು ಇಷ್ಟು: ಅಂಥ ಕುರ್ಚಿ ಎಲ್ಲಿದೆ, ಅದನ್ನು ನಡೆಸಲು ಕಲಿತವರು ಯಾರು, ಅವರು ರಜೆಯಲ್ಲಿದ್ದರೆ ಇನ್ನಾರು. ಹೊತ್ತು ಇಳಿಸುವಾಗ ನಿಮ್ಮನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ವೀಲ್‌ಚೇರಿನ ಬೆನ್ನಿಗೆ ಅಂಟಿಸಿಡಿ. ಆಸನದ ಮೆತ್ತೆಯನ್ನು ಬಿಟ್ಟು ಬರಬೇಡಿ. ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲದವರು ಗಟ್ಟಿ ನೆಲದ ಮೇಲೆ ಕೆಲವೇ ಗಂಟೆ ಕುಳಿತರೂ ಒತ್ತಡದ ಹುಣ್ಣು ಶುರುವಾಗಬಹುದು, ಮಾಯಲು ತಿಂಗಳುಗಳೇ ಬೇಕಾಗಬಹುದು.

ಪ್ರಶ್ನೆ: ನನ್ನ ತಂದೆಗೆ ಕಿವಿ ಕೇಳಿಸುವುದಿಲ್ಲ, ಒಬ್ಬರೇ ಇರುತ್ತಾರೆ. ರಾತ್ರಿ ಸೈರನ್ ಮೊಳಗಿದರೆ?

ಉತ್ತರ: ಮಿನುಗುವ ದೀಪ ಮತ್ತು ದಿಂಬಿನಡಿ ಇಡುವ ಕಂಪನ ಸಾಧನ ಇರುವ ಹೊಗೆ ಅಲಾರಾಂ ಸಿಗುತ್ತದೆ, ಅದನ್ನು ಹಾಕಿಸಿ. ಮೊಬೈಲಿನಲ್ಲಿ ಎಚ್ಚರಿಕೆ ಸಂದೇಶ ಬಂದರೆ ಕಂಪಿಸುವಂತಿರಲಿ. ಜೊತೆಗೆ, ಮನೆಯ ಬೀಗದ ಕೈ ಇಟ್ಟುಕೊಂಡಿರುವ ನೆರೆಯವರೊಬ್ಬರು ಬೇಕು.

ಸದಸ್ಯರೊಬ್ಬರ ಸೇರ್ಪಡೆ: ನಾನೂ ಕಿವುಡ. ಒಂದು ಮಾತು ಸೇರಿಸುತ್ತೇನೆ. ಕತ್ತಲಲ್ಲಿ ರಕ್ಷಣೆಗೆ ಬಂದವರು ಟಾರ್ಚನ್ನು ನಮ್ಮ ಕಣ್ಣಿಗೆ ಬಿಡುತ್ತಾರೆ. ಆಗ ಅವರ ತುಟಿಯೂ ಕಾಣುವುದಿಲ್ಲ, ಕೈಸನ್ನೆಯೂ ಕಾಣುವುದಿಲ್ಲ. ಬೆಳಕನ್ನು ತಮ್ಮ ಮುಖಕ್ಕೆ ಬಿಟ್ಟುಕೊಂಡು ಮಾತನಾಡಲಿ.

ಉತ್ತರ: ಇದು ನನಗೆ ಹೊಳೆದೇ ಇರಲಿಲ್ಲ. ಮುಂದಿನ ತರಬೇತಿಯಲ್ಲಿ ಮೊದಲ ಪಾಠವೇ ಇದು. ಧನ್ಯವಾದ.

ಪ್ರಶ್ನೆ: ನಮ್ಮ ತಂಡ ಪ್ರವಾಹ ಪರಿಹಾರ ಕೇಂದ್ರಕ್ಕೆ ಒಂದು ಶಾಲೆಯನ್ನು ಗುರುತಿಸಿದೆ. ಇಳಿಜಾರು ಹಾಕಿಸಿದ್ದೇವೆ. ಇನ್ನೇನು ಬೇಕು?

ಉತ್ತರ: ಮೊದಲು ಆ ಇಳಿಜಾರನ್ನೇ ಅಳೆಯಿರಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಎರಡು ಅಡಿ ಎತ್ತರದ ಜಗುಲಿಗೆ ಐದು ಅಡಿಯ ಹಲಗೆ ಒರಗಿಸಿದರೆ ಅದು ಮಕ್ಕಳ ಜಾರುಬಂಡೆಯಾಗುತ್ತದೆ.

ಆಮೇಲೆ ಶೌಚಾಲಯ. ನಾನು ನಡೆಸಿದ ಒಂದು ಕೇಂದ್ರದಲ್ಲಿ ಪೋಲಿಯೊದಿಂದ ಎರಡೂ ಕಾಲು ಸೋತ ಮಹಿಳೆಯೊಬ್ಬರಿದ್ದರು. ಮೂರನೇ ದಿನ ಅವರಿಗೆ ಜ್ವರ, ಉರಿಮೂತ್ರ. ವೈದ್ಯರು ವಿಚಾರಿಸಿದಾಗ ತಿಳಿಯಿತು: ಬಂದ ದಿನದಿಂದ ಅವರು ದಿನಕ್ಕೆ ಒಂದು ಲೋಟಕ್ಕಿಂತ ಹೆಚ್ಚು ನೀರು ಕುಡಿದಿರಲಿಲ್ಲ. ಶೌಚಾಲಯ ಮೈದಾನದ ಆಚೆ ತುದಿಯಲ್ಲಿತ್ತು, ದಾರಿಗೆ ಜಲ್ಲಿ ಸುರಿದಿದ್ದೆವು. ಬಾಗಿಲು ಒಳಮುಖವಾಗಿ ತೆರೆಯುತ್ತಿತ್ತು, ಹಾಗಾಗಿ ವೀಲ್‌ಚೇರ್ ಒಳಗೆ ಹೋದರೆ ಬಾಗಿಲು ಮುಚ್ಚುವಂತಿರಲಿಲ್ಲ. ನಡುರಾತ್ರಿ ಯಾರನ್ನಾದರೂ ಎಬ್ಬಿಸಿ, ಬಾಗಿಲು ತೆರೆದಿಟ್ಟುಕೊಂಡು ಕೂರುವುದಕ್ಕಿಂತ ಬಾಯಾರಿಕೆಯೇ ವಾಸಿ ಎಂದುಕೊಂಡಿದ್ದರು. ಆ ಕೇಂದ್ರದ ನಕ್ಷೆಗೆ ಸಹಿ ಹಾಕಿದ್ದವಳು ನಾನು. ಬಡಗಿಯೊಬ್ಬರು ಬಾಗಿಲನ್ನು ಹೊರಮುಖ ಮಾಡಿ, ಒಳಗೆ ಹಿಡಿದುಕೊಳ್ಳಲು ಅಡ್ಡಪಟ್ಟಿ ಬಡಿದು, ಜಲ್ಲಿಯ ಮೇಲೆ ಹಲಗೆ ಹಾಸುವುದಕ್ಕೆ ಅರ್ಧ ದಿನ ಸಾಕಾಯಿತು. ಮೊದಲೇ ಆ ಮಹಿಳೆಯನ್ನೊಮ್ಮೆ ಕೇಳಿದ್ದರೆ ಐದು ನಿಮಿಷವೂ ಬೇಕಿರಲಿಲ್ಲ.

ಇನ್ನುಳಿದವು ಚಿಕ್ಕವು. ಧ್ವನಿವರ್ಧಕದಲ್ಲಿ ಹೇಳಿದ್ದನ್ನೆಲ್ಲ ಹಲಗೆಯ ಮೇಲೂ ಬರೆಯಿರಿ, ಹಲಗೆಯ ಮೇಲೆ ಬರೆದದ್ದನ್ನೆಲ್ಲ ಓದಿ ಹೇಳಿ. ದೃಷ್ಟಿಯಿಲ್ಲದವರು ಬಂದ ಕೂಡಲೇ ಒಮ್ಮೆ ಜೊತೆಗೆ ನಡೆದು ಮಲಗುವ ಜಾಗ, ನೀರು, ಶೌಚಾಲಯ, ಹೊರಬಾಗಿಲು ತೋರಿಸಿ. ಅವರ ಕೈ ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈ ಕೊಡಿ. ಗದ್ದಲ ತಡೆಯಲಾಗದ ಆಟಿಸಂ ಇರುವ ಮಕ್ಕಳಿಗೆ ಒಂದು ಶಾಂತವಾದ ಮೂಲೆ ಬೇಕು. ಆದರೆ ದಯವಿಟ್ಟು ‘ವಿಶೇಷ ಕೊಠಡಿ’ ಮಾಡಿ ಎಲ್ಲ ಅಂಗವಿಕಲರನ್ನೂ ಅಲ್ಲಿ ಕೂಡಿಹಾಕಬೇಡಿ. ಮನೆಯವರಿಂದ ಬೇರ್ಪಟ್ಟರೆ ದಿನನಿತ್ಯದ ಆಸರೆಯೇ ತಪ್ಪುತ್ತದೆ. ದೋಣಿಯಲ್ಲಿ ಜಾಗವಿಲ್ಲವೆಂದು ವೀಲ್‌ಚೇರನ್ನು ಬಿಟ್ಟುಬಂದಿದ್ದರೆ ಅದಕ್ಕೆ ಹೆಸರು ಕಟ್ಟಿ ಮುಂದಿನ ದೋಣಿಯಲ್ಲಿ ತರಿಸಿ. ಅದಿಲ್ಲದೆ, ತನ್ನ ಪಾಡಿಗೆ ತಾನು ಓಡಾಡುತ್ತಿದ್ದ ಮನುಷ್ಯ ಹಾಸಿಗೆ ಹಿಡಿದ ರೋಗಿಯಂತಾಗುತ್ತಾನೆ.

ಪ್ರಶ್ನೆ: ಅಂಗವಿಕಲರ ಪಟ್ಟಿ ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದಲ್ಲವೇ? ಕೆಲವರು ಹೆಸರು ಕೊಡಲು ಹಿಂಜರಿಯುತ್ತಿದ್ದಾರೆ.

ಉತ್ತರ: ಹಿಂಜರಿಕೆ ನ್ಯಾಯವಾದದ್ದೇ. ಒಂಟಿಯಾಗಿರುವ, ಓಡಲಾಗದ ವ್ಯಕ್ತಿಯ ವಿಳಾಸ ಕಳ್ಳನಿಗೂ ಬೇಕಾದ ಮಾಹಿತಿ. ಯಾರ ಕೈಯಲ್ಲಿರುತ್ತದೆ, ಯಾವಾಗ ತೆರೆಯುತ್ತಾರೆ ಎಂದು ಹೇಳಿ, ಒಪ್ಪಿಗೆ ಪಡೆದು ಬರೆದುಕೊಳ್ಳಿ.

ಆದರೆ ಪಟ್ಟಿಯೊಂದೇ ಯಾರನ್ನೂ ಹೊತ್ತು ತರುವುದಿಲ್ಲ. 2011ರ ಸುನಾಮಿಯಲ್ಲಿ ಜಪಾನಿನ ಪೀಡಿತ ಪ್ರದೇಶದ ಅಂಗವಿಕಲರ ಸಾವಿನ ಪ್ರಮಾಣ ಒಟ್ಟು ಜನಸಂಖ್ಯೆಯದಕ್ಕಿಂತ ಸುಮಾರು ಎರಡು ಪಟ್ಟಿತ್ತು. ಅಲ್ಲಿ 2013ರಲ್ಲಿ ಕಾನೂನು ತಿದ್ದಿ, ನೆರವು ಬೇಕಾದವರ ಪಟ್ಟಿ ಮಾಡುವುದನ್ನು ಸ್ಥಳೀಯ ಆಡಳಿತಗಳಿಗೆ ಕಡ್ಡಾಯ ಮಾಡಿದರು. ಅದು ಸಾಲದೆಂದು 2021ರಲ್ಲಿ ಮತ್ತೆ ತಿದ್ದಿ, ಒಬ್ಬೊಬ್ಬರಿಗೂ ಪ್ರತ್ಯೇಕ ಸ್ಥಳಾಂತರ ಯೋಜನೆ ರೂಪಿಸಲು ಪ್ರಯತ್ನಿಸಬೇಕೆಂದರು. ಈ ವ್ಯಕ್ತಿಗೆ ಈ ಇಬ್ಬರು, ಈ ದಾರಿ, ಈ ವಾಹನ ಎಂಬಷ್ಟು ನಿರ್ದಿಷ್ಟವಾಗಿರಬೇಕು. ಜಗತ್ತಿನ ಹೆಚ್ಚಿನ ಅಂಗವಿಕಲರಿಗೆ ಅಂಥ ಯೋಜನೆ ಇಲ್ಲ: ವಿಶ್ವಸಂಸ್ಥೆಯ ವಿಪತ್ತು ಅಪಾಯ ಕಡಿತ ಕಚೇರಿ 2023ರಲ್ಲಿ ಪ್ರಕಟಿಸಿದ ಜಾಗತಿಕ ಸಮೀಕ್ಷೆಯಲ್ಲಿ ಶೇ 84ರಷ್ಟು ಅಂಗವಿಕಲರು ತಮಗೆ ವೈಯಕ್ತಿಕ ಯೋಜನೆ ಇಲ್ಲ ಎಂದಿದ್ದರು.

ಪ್ರಶ್ನೆ: ಅಮ್ಮನಿಗೆ ಆಮ್ಲಜನಕ ಸಾಂದ್ರಕ, ಅಂದರೆ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರವಿದೆ. ವಿದ್ಯುತ್ ಹೋದರೆ?

ಉತ್ತರ: ತುಂಬಿದ ಸಿಲಿಂಡರ್ ಒಂದು ಮನೆಯಲ್ಲಿರಲಿ, ಅದು ಎಷ್ಟು ಗಂಟೆ ಬರುತ್ತದೆ ಎಂದು ವೈದ್ಯರಿಂದ ಲೆಕ್ಕ ಹಾಕಿಸಿ ಅದರ ಮೇಲೇ ಬರೆದಿಡಿ. ಅರ್ಧ ಖಾಲಿಯಾಗುವ ಮೊದಲೇ ಆಸ್ಪತ್ರೆಗೋ ವಿದ್ಯುತ್ ಇರುವ ಕಡೆಗೋ ಹೊರಡಬೇಕು.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಪತ್ರ ಕೊಟ್ಟೆ. ಕುರ್ಚಿ ತರಿಸುತ್ತಾರಂತೆ. ಮುಂದಿನ ತಿಂಗಳ ಅಣಕಿನಲ್ಲಿ ನನ್ನನ್ನೇ ಕೂರಿಸಿ ಇಳಿಸುತ್ತಾರಂತೆ. ಸ್ವಲ್ಪ ಭಯವಾಗುತ್ತಿದೆ.

ಉತ್ತರ: ಮೊದಲ ಸಲ ನೀವು ಕೂರಬೇಡಿ. ನಿಮ್ಮಷ್ಟೇ ತೂಕದ ಸಹೋದ್ಯೋಗಿಯನ್ನು ಕೂರಿಸಿ ಎರಡು ಮಹಡಿ ಇಳಿಸಲಿ. “ನೋಡಿಕೊಳ್ಳೋಣ” ಎಂದವರೇ ಆದರೆ ಇನ್ನೂ ಒಳ್ಳೆಯದು. ನೀವು ಇಳಿಸಿದವರನ್ನು ಕುರ್ಚಿಯ ಬೆಲ್ಟ್ ಬಿಗಿದಿದ್ದರೇ, ತಿರುವಿನಲ್ಲಿ ಎಲ್ಲಿ ತಡವರಿಸಿದರು ಎಂದು ಕೇಳಿ ಬರೆದುಕೊಳ್ಳಿ. ಅಣಕಿನ ದಿನ ನಿಮ್ಮ ಸರದಿ. ಅಂದು ಟಿಕ್ ಹಾಕುವ ಪೆನ್ನು ನಿಮ್ಮ ಕೈಯಲ್ಲಿರಲಿ.